ಹಗುರ ಕಾರಿಗೆ ಎಷ್ಟು ದೊಡ್ಡ ಕನ್ವರ್ಟರ್?

ಬೆಂಗಳೂರಿನ ಸ್ಯಾನ್ ಸಮೂಹ ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದಂಥ ಎರಡು ಗಾಡಿಗಳನ್ನು ಮಾಡುತ್ತಿತ್ತು. ಒಂದು, ಕಾರ್ಖಾನೆಗಳ ಒಳಗೆ ವ್ಯಾಗನ್ನುಗಳನ್ನು ಎಳೆದಾಡುವ ಡೀಸೆಲ್-ಹೈಡ್ರಾಲಿಕ್ ರೈಲು ಎಂಜಿನ್. ಇನ್ನೊಂದು, ಗೋವಾದಲ್ಲಿ ತಯಾರಾದ ಸ್ಯಾನ್ ಸ್ಟಾರ್ಮ್ ಎಂಬ ಪುಟ್ಟ ರೋಡ್‌ಸ್ಟರ್: ಫೈಬರ್‌ಗ್ಲಾಸ್ ಮೈ, ಎರಡು ಬಾಗಿಲು, ಬಿಚ್ಚಬಹುದಾದ ಚಾವಣಿ, ರೆನೋದ 1,149 ಸಿಸಿ ಪೆಟ್ರೋಲ್ ಎಂಜಿನ್. ರೈಲು ಎಂಜಿನ್ನಿನಲ್ಲಿ ಶಕ್ತಿ ಚಕ್ರಕ್ಕೆ ಹೋಗುತ್ತಿದ್ದುದು ಎಣ್ಣೆಯ ಮೂಲಕ. ಸ್ಟಾರ್ಮ್‌ನಲ್ಲಿ ಮಾಮೂಲಿ ಕ್ಲಚ್ಚು, ಐದು ಗೇರು. ಆ ಕಾರಿಗೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕೂರಿಸಬೇಕೆಂದರೆ ಯಾವುದನ್ನು ಆರಿಸಬೇಕು? ದೊಡ್ಡ ಎಂಜಿನ್ನಿಗೆ ಮಾಡಿದ ಗಟ್ಟಿ ಗೇರ್‌ಬಾಕ್ಸನ್ನೇ ಹಾಕಿಬಿಡಿ, ಸಣ್ಣದಕ್ಕೆ ಅದು ಎಂದೂ ಸೋಲುವುದಿಲ್ಲ ಎಂಬುದು ಸಾಮಾನ್ಯ ಸಲಹೆ. ಗೇರ್‌ಬಾಕ್ಸ್ ಸೋಲುವುದಿಲ್ಲ, ನಿಜ. ಆದರೆ ಕಾರು ಸೋಲುತ್ತದೆ. ಹಗುರ ಗಾಡಿಯಲ್ಲಿ ಮೊದಲು ಲೆಕ್ಕ ಹಾಕಬೇಕಾದದ್ದು ಟೈರಿನ ಹಿಡಿತವನ್ನು, ಆಮೇಲೆ ಬಿಸಿಯನ್ನು; ಗಟ್ಟಿತನದ ಸರದಿ ಕೊನೆಯದು.

ಇಂಥ ಆಟೊಮ್ಯಾಟಿಕ್‌ನಲ್ಲಿ ಕ್ಲಚ್ಚಿನ ಜಾಗದಲ್ಲಿ ಕೂರುವ ಟಾರ್ಕ್ ಕನ್ವರ್ಟರಿನ ಒಳಗೆ ಎಣ್ಣೆಯಲ್ಲಿ ಮುಳುಗಿದ ಮೂರು ರೆಕ್ಕೆಚಕ್ರಗಳಿವೆ. ಎಂಜಿನ್ನಿನ ಜೊತೆ ತಿರುಗುವ ಪಂಪ್ ಎಣ್ಣೆಯನ್ನು ಹೊರಕ್ಕೆ ಎಸೆಯುತ್ತದೆ, ಆ ರಭಸಕ್ಕೆ ಎದುರಿನ ಟರ್ಬೈನ್ ತಿರುಗುತ್ತದೆ. ಟರ್ಬೈನಿನಿಂದ ಹೊರಬಿದ್ದ ಎಣ್ಣೆ ಹಾಗೇ ಪಂಪಿಗೆ ಮರಳಿದರೆ ಅದರ ಓಟಕ್ಕೆ ಅಡ್ಡಿ. ನಡುವೆ ಕೂತ ಸ್ಟೇಟರ್ ಆ ಹರಿವಿನ ದಿಕ್ಕು ತಿರುಗಿಸಿ, ಪಂಪಿಗೇ ಒತ್ತಾಸೆಯಾಗಿ ಕಳಿಸುತ್ತದೆ. ಹೀಗಾಗಿ ಗಾಡಿ ನಿಂತಲ್ಲಿಂದ ಹೊರಡುವಾಗ ಎಂಜಿನ್ ಕೊಟ್ಟ ಟಾರ್ಕ್ ಹೆಚ್ಚುಕಡಿಮೆ ಎರಡು ಪಟ್ಟಾಗಿ ಹೊರಬರುತ್ತದೆ, ಗಾಡಿ ವೇಗ ಹಿಡಿದಂತೆ ಒಂದು ಪಟ್ಟಿಗೆ ಇಳಿಯುತ್ತದೆ. ಜರ್ಮನಿಯ ಹರ್ಮನ್ ಫಾಟಿಂಗರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು ಕಾರಿಗಾಗಿ ಅಲ್ಲ, ಹಡಗಿನ ಟರ್ಬೈನುಗಳಿಗಾಗಿ. ಭಾರದ ಕೆಲಸಕ್ಕೆ ಹುಟ್ಟಿದ ಯಂತ್ರ ಎಂಬುದನ್ನು ನೆನಪಿಟ್ಟರೆ ಮುಂದಿನ ಲೆಕ್ಕ ಸುಲಭ.

ಸ್ಟಾರ್ಮ್‌ನ ಎಂಜಿನ್ 2,500 ಆರ್‌ಪಿಎಂ ಹೊತ್ತಿಗೆ ತನ್ನ ಗರಿಷ್ಠ ಟಾರ್ಕ್, ಸುಮಾರು 93 ನ್ಯೂಟನ್ ಮೀಟರ್, ಕೊಡುತ್ತದೆ. ಇಬ್ಬರು ಕೂತ ಮೇಲೆ ಇಂಥ ಕಾರಿನ ಒಟ್ಟು ತೂಕ 950 ಕಿಲೊ ಎಂದಿಟ್ಟುಕೊಳ್ಳೋಣ. ಮೊದಲ ಗೇರು ಮತ್ತು ಆಕ್ಸಲ್ ಸೇರಿ 11 ಪಟ್ಟು, ಚಕ್ರದ ತ್ರಿಜ್ಯ 28 ಸೆಂಟಿಮೀಟರ್. ಕನ್ವರ್ಟರ್ ಎರಡು ಪಟ್ಟು ಮಾಡಿದರೆ, ಘರ್ಷಣೆಯ ನಷ್ಟ ಬಿಟ್ಟು, ಚಕ್ರದಂಚಿಗೆ ಸುಮಾರು 7,300 ನ್ಯೂಟನ್ ಎಳೆತ ಬರುತ್ತದೆ. ಎಂಜಿನ್ ಎಳೆಯುವ ಎರಡು ಚಕ್ರಗಳ ಮೇಲಿರುವುದು ಅರ್ಧ ಭಾರ, ಅಂದರೆ 4,650 ನ್ಯೂಟನ್. ಒಣ ಡಾಂಬರಿನಲ್ಲಿ ಟೈರಿನ ಹಿಡಿತ ಹೆಚ್ಚೆಂದರೆ ಅಷ್ಟೇ. ಉಳಿದದ್ದೆಲ್ಲ ರಬ್ಬರ್ ಸವೆಸುವುದಕ್ಕೆ. ಹಾಗಾದರೆ ಅಷ್ಟು ತಗ್ಗಿದ ಮೊದಲ ಗೇರೇ ಬೇಕಿಲ್ಲ: ಆ 11 ಪಟ್ಟನ್ನು 8ಕ್ಕೆ ಇಳಿಸಿದರೂ 5,300 ನ್ಯೂಟನ್ ಉಳಿಯುತ್ತದೆ, ಟೈರ್ ತಡೆಯುವುದಕ್ಕಿಂತ ಇನ್ನೂ ಹೆಚ್ಚೇ. ಎಂಟು, ಹತ್ತು ಗೇರುಗಳ ಇಂದಿನ ಆಟೊಮ್ಯಾಟಿಕ್‌ಗಳ ಮೋಹ ಹಗುರ ಕಾರಿನ ಮಟ್ಟಿಗೆ ಅನವಶ್ಯಕ ಎಂದು ನಾನು ಹೇಳುವುದು ಈ ಕಾರಣಕ್ಕೆ. ಕೆಳಗಿನ ಒಂದು ಗೇರಿನ ಕೆಲಸವನ್ನು ಕನ್ವರ್ಟರೇ ಮಾಡುತ್ತಿರುವಾಗ, ಹಗುರವಾದ ನಾಲ್ಕು ಗೇರಿನದು ಸಾಕು.

ಈಗ ಗಾತ್ರದ ಮಾತು. ಬ್ರೇಕ್ ಒತ್ತಿ ಹಿಡಿದು ಆಕ್ಸಿಲರೇಟರ್ ಪೂರ್ತಿ ತುಳಿದರೆ ಎಂಜಿನ್ ಏರಬಲ್ಲ ಗರಿಷ್ಠ ಸುತ್ತನ್ನು ಸ್ಟಾಲ್ ವೇಗ ಎನ್ನುತ್ತಾರೆ. ಇದು ಕನ್ವರ್ಟರಿನ ಮೇಲೆ ಅಚ್ಚೊತ್ತಿದ ಸ್ಥಿರ ಸಂಖ್ಯೆಯಲ್ಲ. ಎಂಜಿನ್ ಟಾರ್ಕಿನ ವರ್ಗಮೂಲದ ಜೊತೆ ಏರಿಳಿಯುತ್ತದೆ. 400 ನ್ಯೂಟನ್ ಮೀಟರ್ ಎಂಜಿನ್ನಿನ ಹಿಂದೆ 2,400ಕ್ಕೆ ಸ್ಟಾಲ್ ಆಗುವ ಕನ್ವರ್ಟರನ್ನು 93ರ ಎಂಜಿನ್ನಿಗೆ ಕಟ್ಟಿದರೆ ಅದು 1,150ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಆ ಸುತ್ತಿನಲ್ಲಿ ಪುಟ್ಟ ಎಂಜಿನ್ 93 ಕೂಡ ಕೊಡಲಾರದು, ಹಾಗಾಗಿ ನಿಜದಲ್ಲಿ ಇನ್ನೂ ಕೆಳಗೆ. 'ಗಟ್ಟಿಯಾದದ್ದನ್ನೇ ಹಾಕಿ' ಎಂಬ ಸಲಹೆ ಇಲ್ಲಿ ಕಾರನ್ನು ಕೊಲ್ಲುತ್ತದೆ: ಮಾಲೀಕ ಪಿಕಪ್ ಇಲ್ಲವೆಂದು ಎಂಜಿನ್ನನ್ನು ಬೈಯುತ್ತಾನೆ, ತಪ್ಪು ಮಾತ್ರ ಹಿಂದಿನ ಡಬ್ಬಿಯದು. ಪರಿಹಾರ ವ್ಯಾಸದಲ್ಲಿದೆ. ಕನ್ವರ್ಟರ್ ಹೀರುವ ಟಾರ್ಕ್ ವ್ಯಾಸದ ಐದನೇ ಘಾತದಷ್ಟು ಬದಲಾಗುತ್ತದೆ. ಆದ್ದರಿಂದ 28 ಸೆಂಟಿಮೀಟರಿನದನ್ನು 21ಕ್ಕೆ ಇಳಿಸಿದರೆ ಸಾಕು, ಅದೇ ಪುಟ್ಟ ಎಂಜಿನ್ ಮತ್ತೆ 2,400ಕ್ಕೆ ಏರುತ್ತದೆ, ಅಂದರೆ ತನ್ನ ಟಾರ್ಕಿನ ಶಿಖರದ ಪಕ್ಕಕ್ಕೆ. ವ್ಯಾಸ ತಗ್ಗಿದಷ್ಟೂ ತಿರುಗುವ ಭಾರವೂ ತಗ್ಗುತ್ತದೆ. ಎಂಜಿನ್ನು ಮತ್ತು ಕನ್ವರ್ಟರು ಜೋಡಿಯಾಗಿ ಹೊಂದಬೇಕು ಎಂಬುದಕ್ಕೆ ಮಾಜ್ದಾದ ಎಂಎಕ್ಸ್-5 ಸಾಕ್ಷಿ. ಆ ರೋಡ್‌ಸ್ಟರಿನ ಮೊದಲ ಪೀಳಿಗೆಯ 1.6 ಲೀಟರ್ ಎಂಜಿನ್ ಅಮೆರಿಕದಲ್ಲಿ ಮ್ಯಾನ್ಯುಯಲ್ ಜೊತೆ 116 ಅಶ್ವಶಕ್ತಿಯದು, ಆಟೊಮ್ಯಾಟಿಕ್ ಜೊತೆ 105ರದು. ಮೇಲಿನ ಸುತ್ತುಗಳ ಶಕ್ತಿಯನ್ನು ಬಿಟ್ಟುಕೊಡಲು ತಯಾರಕರೇ ಒಪ್ಪಿದ್ದರು.

ಸ್ಟಾಲ್ ಏರಿಸುವುದೇ ಒಳ್ಳೆಯದಾದರೆ 3,500ಕ್ಕೇ ಏಕೆ ಒಯ್ಯಬಾರದು? ರೇಸಿನವರು ಮಾಡುವುದೇ ಅದು. ಕಾರು ಓಡಬೇಕಾದ ನೆಲ, ಉದಾಹರಣೆಗೆ ಬಳ್ಳಾರಿ, ಇಲ್ಲಿ ಅಡ್ಡ ಬರುತ್ತದೆ. ಸಂಗನಕಲ್ಲು, ಕುರುಗೋಡುಗಳ ಕಲ್ಲುಗುಡ್ಡಗಳು ಎದ್ದಿರುವುದು ಸಮತಟ್ಟಾದ ಬಯಲಿನ ನಡುವೆ. ಬಳ್ಳಾರಿಯಿಂದ ತೆಕ್ಕಲಕೋಟೆ ಹಾದು ಸಿರುಗುಪ್ಪಕ್ಕೆ ಹೋಗುವವನಿಗೆ ಏರು ಎಂಬ ಚಿಂತೆಯಿಲ್ಲ. ಅವನ ಚಿಂತೆ 40 ಡಿಗ್ರಿ ದಾಟುವ ಬೇಸಿಗೆ, ಸುಗ್ಗಿಯಲ್ಲಿ ಭತ್ತ ಹೇರಿಕೊಂಡು ತೆವಳುವ ಟ್ರ್ಯಾಕ್ಟರುಗಳು. ಸ್ಟಾಲ್‌ನಲ್ಲಿ ಎಂಜಿನ್ನಿನ ಅಷ್ಟೂ ಶಕ್ತಿ ಎಣ್ಣೆಯ ಬಿಸಿಯಾಗುತ್ತದೆ: 2,400 ಆರ್‌ಪಿಎಂನಲ್ಲಿ 93 ನ್ಯೂಟನ್ ಮೀಟರ್ ಎಂದರೆ 23 ಕಿಲೊವಾಟ್, ಹತ್ತು ಹನ್ನೊಂದು ಮನೆಗಳ ಗೀಸರುಗಳು ಒಟ್ಟಿಗೆ ಉರಿದಂತೆ. ಗೇರ್‌ಬಾಕ್ಸಿನಲ್ಲಿರುವ ಆರು ಲೀಟರಿನಷ್ಟು ಎಣ್ಣೆ ಆ ಬಿಸಿಯನ್ನೆಲ್ಲ ಹೀರಿದರೆ ಸೆಕೆಂಡಿಗೆ ಎರಡು ಡಿಗ್ರಿಗೂ ಮೀರಿ ಕಾಯುತ್ತದೆ. ಪೂರ್ತಿ ಸ್ಟಾಲ್ ರಸ್ತೆಯಲ್ಲಿ ಅಪರೂಪ; ಹಗುರ ಕಾರು ಎಂಜಿನ್ ಅಲ್ಲಿಗೆ ಏರುವ ಮೊದಲೇ ಜಾರಿ ಹೊರಡುತ್ತದೆ, ಇದು ಅದರ ಭಾಗ್ಯ. ಆದರೆ ಸಡಿಲ ಕನ್ವರ್ಟರ್ ಪ್ರತಿ ಓವರ್‌ಟೇಕಿನಲ್ಲೂ ಜಾರುತ್ತದೆ, ಪ್ರತಿ ಜಾರುವಿಕೆಯೂ ಬಿಸಿ. ಈ ಬಯಲಿಗೆ 2,200ರಿಂದ 2,400ರ ಸ್ಟಾಲ್ ಮೀರಬಾರದು, ವೇಗ ಹಿಡಿದ ಮೇಲೆ ಪಂಪನ್ನೂ ಟರ್ಬೈನನ್ನೂ ನೇರ ಬಿಗಿಯುವ ಲಾಕ್‌ಅಪ್ ಕ್ಲಚ್ ಇರಲೇಬೇಕು. ಅದೇನು ಹೊಸದಲ್ಲ. ಬ್ಯೂಕ್ 1948ರಲ್ಲಿ ತಂದ ಡೈನಾಫ್ಲೋ ಗೇರು ಬದಲಿಸುವ ಕೆಲಸವನ್ನೆಲ್ಲ ಕನ್ವರ್ಟರಿಗೇ ಬಿಟ್ಟು ಜಾರುವಿಕೆಗೆ ಹೆಸರಾಯಿತು. ಮರುವರ್ಷವೇ ಪ್ಯಾಕರ್ಡ್‌ನ ಅಲ್ಟ್ರಾಮ್ಯಾಟಿಕ್ ಲಾಕ್‌ಅಪ್ ಹೊತ್ತು ಬಂತು.

ಆಕ್ಷೇಪಗಳುಂಟು. ಟಾರ್ಕ್ ಕನ್ವರ್ಟರ್ ಸಂಡೂರಿನ ಅದಿರು ಸಾಗಿಸುವ ಡಂಪರಿಗೆ ಸರಿ, ಇಬ್ಬರ ಕಾರಿಗೇಕೆ ಎನ್ನುವವರಿಗೆ ಮೇಲಿನ ಟೈರಿನ ಲೆಕ್ಕವೇ ಅರ್ಧ ಬೆಂಬಲ: ಗಣಿಯ ಏರಿನಲ್ಲಿ ಟನ್ನುಗಟ್ಟಲೆ ಹೊತ್ತು ಹತ್ತುವವನಿಗೆ ಆ ಎರಡು ಪಟ್ಟು ಅನಿವಾರ್ಯ, ರೋಡ್‌ಸ್ಟರಿಗೆ ಅಲ್ಲ. ಆದರೆ ನಿಂತ ಗಾಡಿಗೂ ತಿರುಗುವ ಎಂಜಿನ್ನಿಗೂ ನಡುವೆ ಏನಾದರೂ ಜಾರಲೇಬೇಕು. ಜಾರುವುದು ಲೈನಿಂಗ್ ಆದರೆ ಸವೆಯುತ್ತದೆ, ಎಣ್ಣೆಯಾದರೆ ತಣಿಸಿಕೊಳ್ಳಬಹುದು. 2014ರಿಂದ ನಮ್ಮ ಸಣ್ಣ ಕಾರುಗಳಲ್ಲಿ ಹಬ್ಬಿರುವ ಎಎಂಟಿ, ಅಂದರೆ ಕ್ಲಚ್ಚನ್ನೂ ಗೇರನ್ನೂ ಯಂತ್ರವೇ ಆಡಿಸುವ ಮ್ಯಾನ್ಯುಯಲ್ ಗೇರ್‌ಬಾಕ್ಸ್, ಅಗ್ಗ, ಹಗುರ, ಮೈಲೇಜಿಗೂ ಒಳ್ಳೆಯದು. ಟ್ರ್ಯಾಕ್ಟರಿನ ಹಿಂದೆ ತೆವಳುವಾಗ ಮಾತ್ರ ಅದರ ಒಣ ಕ್ಲಚ್ಚೇ ಸವೆಯಬೇಕು, ಗೇರು ಬದಲಾಗುವಾಗ ಎಳೆತ ಕಡಿಯುತ್ತದೆ. ಬಾಗಿದ ರಸ್ತೆಯ ಸುಖಕ್ಕೆ ಕೊಂಡ ಕಾರಿನಲ್ಲಿ ಆ ಮುಗ್ಗರಿಕೆ ನನಗೆ ಒಪ್ಪಿಗೆಯಲ್ಲ. ಗೇರು ಹಾಕುವ ಸುಖವೇ ಹೋಯಿತಲ್ಲ ಎನ್ನುವವರಿಗೆ ಉತ್ತರವಿಲ್ಲ, ಅವರು ಸ್ಟಾರ್ಮ್ ಇದ್ದಂತೆಯೇ ಓಡಿಸಲಿ. ಈ ಇಡೀ ಚರ್ಚೆಯನ್ನು ನಿಜವಾಗಿ ಕೆಡವುವುದು ವಿದ್ಯುತ್ ಕಾರು: 2001ರಲ್ಲಿ ಬೆಂಗಳೂರಿನಿಂದ ರಸ್ತೆಗಿಳಿದ ರೇವಾಕ್ಕೆ ಕನ್ವರ್ಟರೂ ಇರಲಿಲ್ಲ, ಬದಲಿಸುವ ಗೇರೂ ಇರಲಿಲ್ಲ, ನಿಂತಲ್ಲೇ ಪೂರ್ಣ ಟಾರ್ಕ್ ಕೊಡುವ ಮೋಟಾರಿಗೆ ಅವುಗಳ ಹಂಗಿಲ್ಲ. ಪೆಟ್ರೋಲಿನಲ್ಲೇ ಉಳಿಯುವವರು ಕನ್ವರ್ಟರಿಗೆ ದುಡ್ಡು ಸುರಿಯುವ ಮೊದಲು ಗೇರ್‌ಬಾಕ್ಸ್ ಎಣ್ಣೆಗೆ ಬೇರೆಯದೇ ಒಂದು ಕೂಲರ್ ಕೊಳ್ಳಲಿ. ಅದನ್ನು ರೇಡಿಯೇಟರಿನ ಹಿಂದಲ್ಲ, ಮುಂದೆ, ಗಾಳಿ ಮೊದಲು ತಾಗುವಲ್ಲಿ ಕೂರಿಸಲಿ.