ಕಂಪ್ಯೂಟರಿಗೂ ಹೇಳಿಕೊಡಬೇಕು ತಾರೀಖು!

ಮಕ್ಕಳೇ, 05/06/2014 ಎಂಬ ಈ ದಿನಾಂಕವನ್ನು ಓದಿ. ಜೂನ್ 5 ಎಂದಿರಲ್ಲವೇ? ನಮ್ಮಲ್ಲಿ ಮೊದಲು ದಿನ, ಆಮೇಲೆ ತಿಂಗಳು, ಕೊನೆಗೆ ವರ್ಷ ಬರೆಯುವುದು ರೂಢಿ. ಆದರೆ ಅಮೆರಿಕದ ಮಕ್ಕಳು ಇದನ್ನೇ ಮೇ 6 ಎಂದು ಓದುತ್ತಾರೆ. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ.

ಇದರಿಂದ ಏನು ತೊಂದರೆ? ಜೂನ್ 1ಕ್ಕೆ ಆರು ವರ್ಷ ತುಂಬಿದವರಿಗೆ ಮಾತ್ರ ಒಂದನೇ ತರಗತಿಗೆ ಪ್ರವೇಶ ಎಂದುಕೊಳ್ಳಿ. ಮೇ 6ರಂದು ಹುಟ್ಟಿದ ಮಗು ಶಾಲೆಗೆ ಸೇರುತ್ತದೆ. ಜೂನ್ 5ರಂದು ಹುಟ್ಟಿದ ಮಗು ಇನ್ನೊಂದು ವರ್ಷ ಕಾಯಬೇಕು!

ಶಾಲೆಯ ಕಂಪ್ಯೂಟರಿನಲ್ಲಿ ಹೆಸರು, ಹುಟ್ಟಿದ ದಿನ, ಅಂಕ ಎಲ್ಲವನ್ನೂ ಪಟ್ಟಿ ಮಾಡಲು ಎಕ್ಸೆಲ್, ಲಿಬ್ರೆಆಫೀಸ್ ಕ್ಯಾಲ್ಕ್ ಮುಂತಾದ ತಂತ್ರಾಂಶಗಳಿವೆ. ಇವುಗಳಿಗೆ ಸ್ಪ್ರೆಡ್‌ಶೀಟ್ ಎಂದು ಹೆಸರು. ಇದರಲ್ಲಿರುವ ಒಂದೊಂದು ಚೌಕವೂ ಒಂದು ಸೆಲ್.

ದಿನಾಂಕದ ಒಳಗೊಂದು ಸಂಖ್ಯೆ

ನೀವು ಸೆಲ್‌ನಲ್ಲಿ ದಿನಾಂಕ ಬರೆದರೆ ಕಂಪ್ಯೂಟರ್ ಅದನ್ನು ಹಾಗೆಯೇ ಇಟ್ಟುಕೊಳ್ಳುವುದಿಲ್ಲ. ದಿನಗಳನ್ನು ಎಣಿಸಿ ಒಂದು ಸಂಖ್ಯೆ ಮಾಡಿಕೊಳ್ಳುತ್ತದೆ. ಎಕ್ಸೆಲ್‌ನಲ್ಲಿ 1900ರ ಜನವರಿ 1ಕ್ಕೆ ಸಂಖ್ಯೆ 1. ನಮಗೆ ಸ್ವಾತಂತ್ರ್ಯ ಬಂದ 1947ರ ಆಗಸ್ಟ್ 15ಕ್ಕೆ 17394. ನಾವು ಗಣರಾಜ್ಯವಾದ 1950ರ ಜನವರಿ 26ಕ್ಕೆ 18289. ಒಂದರಿಂದ ಇನ್ನೊಂದನ್ನು ಕಳೆದರೆ 895. ಅಂದರೆ ಈ ಎರಡು ದಿನಗಳ ನಡುವಿನ ಅಂತರ 895 ದಿನ. ಎಷ್ಟು ಸುಲಭ ನೋಡಿ!

ನಮಗೆ ಕಾಣುವ ದಿನಾಂಕ ಆ ಸಂಖ್ಯೆಗೆ ತೊಡಿಸಿದ ಅಂಗಿ ಇದ್ದಂತೆ. ಅಂಗಿ ಬದಲಾದರೂ ಒಳಗಿನ ಸಂಖ್ಯೆ ಬದಲಾಗದು. ಈ ಅಂಗಿಗೇ ಫಾರ್ಮ್ಯಾಟ್ ಎನ್ನುತ್ತಾರೆ.

ಸದ್ದಿಲ್ಲದ ತಪ್ಪು

ಕಂಪ್ಯೂಟರ್ ಅಮೆರಿಕದ ಪದ್ಧತಿಗೆ ಹೊಂದಿಕೊಂಡಿದೆ ಎನ್ನೋಣ. ನೀವು 25/06/2014 ಎಂದು ಬರೆದರೆ 25ನೇ ತಿಂಗಳು ಇಲ್ಲವಲ್ಲ! ಆದ್ದರಿಂದ ಅದನ್ನು ದಿನಾಂಕವೆಂದು ಒಪ್ಪದೆ, ಬರಿಯ ಅಕ್ಷರಗಳೆಂದು ಸೆಲ್‌ನ ಎಡಬದಿಗೆ ಇಡುತ್ತದೆ. ತಪ್ಪು ನಿಮ್ಮ ಕಣ್ಣಿಗೆ ಬೀಳುತ್ತದೆ. ಆದರೆ 05/06/2014 ಎಂದರೆ ಮೇ 6 ಎಂದುಕೊಂಡು ಬಲಬದಿಗೆ ಇಟ್ಟುಬಿಡುತ್ತದೆ. ಈ ತಪ್ಪು ಯಾರಿಗೂ ಕಾಣದು. ಆದ್ದರಿಂದ ದಿನದ ಅಂಕಿ 12 ಅಥವಾ ಅದಕ್ಕಿಂತ ಕಡಿಮೆ ಇದ್ದಾಗಲೇ ಹೆಚ್ಚು ಎಚ್ಚರ ಬೇಕು.

ಸಂಖ್ಯೆಗಳಲ್ಲೂ ಹೀಗೆಯೇ. ನಾವು 12,34,567 ಎಂದು ಲಕ್ಷದ ಲೆಕ್ಕದಲ್ಲಿ ಬರೆದರೆ, ಅಮೆರಿಕದವರು 1,234,567 ಎನ್ನುತ್ತಾರೆ. ಬೆಂಗಳೂರಿನ ದೂರವಾಣಿ ಸಂಕೇತ 080 ಎಂದು ಬರೆದರೆ ಕಂಪ್ಯೂಟರ್ ಸೊನ್ನೆ ನುಂಗಿ 80 ಎಂದು ತೋರಿಸುತ್ತದೆ.

ವಿಜ್ಞಾನಿಗಳಿಗೂ ಇದು ತಲೆನೋವಾಗಿತ್ತು. ಮನುಷ್ಯನ ಒಂದು ಜೀನ್‌ನ ಹೆಸರು ‘ಮಾರ್ಚ್1’. ಎಕ್ಸೆಲ್ ಅದನ್ನು ಮಾರ್ಚ್ ತಿಂಗಳ ಮೊದಲ ದಿನ ಎಂದುಕೊಳ್ಳುತ್ತಿತ್ತು! ಸಂಶೋಧನೆಯ ಪಟ್ಟಿಗಳಲ್ಲಿ ಜೀನ್ ಇರಬೇಕಾದಲ್ಲಿ ತಾರೀಖು ಬಂದು ಕೂತಿತು. ಕೊನೆಗೆ ಜೀನ್‌ಗಳಿಗೆ ಹೆಸರಿಡುವ ಸಮಿತಿಯು ಇಂಥ ಹೆಸರುಗಳನ್ನೇ ಬದಲಿಸಿತು. 2020ರಲ್ಲಿ ಪ್ರಕಟಿಸಿದ ಅದರ ನಿಯಮಾವಳಿಯಲ್ಲಿ ಈ ವಿಷಯ ಸೇರಿದೆ. ‘ಮಾರ್ಚ್1’ ಈಗ ‘ಮಾರ್ಚ್‌ಎಫ್1’.

ಹಾಗಾದರೆ ಏನು ಮಾಡಬೇಕು?

1. ಎಕ್ಸೆಲ್ ತಂತ್ರಾಂಶವು ವಿಂಡೋಸ್ ಹೇಳಿದ ಪದ್ಧತಿಯನ್ನು ಅನುಸರಿಸುತ್ತದೆ. ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ರೀಜನ್’ ತೆರೆದು ಭಾರತದ ಇಂಗ್ಲಿಷ್ ಅಥವಾ ಕನ್ನಡವನ್ನು ಆರಿಸಿ.

2. ಕ್ಯಾಲ್ಕ್‌ನಲ್ಲಿ ‘ಟೂಲ್ಸ್’, ‘ಆಪ್ಷನ್ಸ್’ ಒತ್ತಿ, ಭಾಷೆಯ ವಿಭಾಗದಲ್ಲಿ ‘ಲೊಕೇಲ್’ ಬದಲಿಸಿ.

3. ಇದನ್ನೆಲ್ಲ ಪಟ್ಟಿ ಬರೆಯುವ ಮೊದಲೇ ಮಾಡಿ. ಮೇ 6 ಎಂದು ಒಳಸೇರಿದ ದಿನಾಂಕ ಆಮೇಲೆ ತಾನಾಗಿ ಜೂನ್ 5 ಆಗುವುದಿಲ್ಲ. ಅಂಗಿ ಮಾತ್ರ ಬದಲಾಗುತ್ತದೆ!

4. ದೂರವಾಣಿ ಸಂಕೇತದಂಥ ಅಂಕಿಗಳನ್ನು ಬರೆಯುವ ಮುನ್ನ ಆ ಸೆಲ್‌ಗಳಿಗೆ ‘ಟೆಕ್ಸ್ಟ್’ ಎಂಬ ಫಾರ್ಮ್ಯಾಟ್ ಕೊಡಿ.

5. ಅನುಮಾನವಿದ್ದರೆ 2014-06-05 ಎಂದು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಬರೆಯಿರಿ. ಇದು 1988ರಲ್ಲಿ ಬಂದ ಅಂತರರಾಷ್ಟ್ರೀಯ ಮಾನಕ.

ಮಾಡಿ ನೋಡಿ

ಒಂದು ಸೆಲ್‌ನಲ್ಲಿ ನೀವು ಹುಟ್ಟಿದ ದಿನಾಂಕ, ಇನ್ನೊಂದರಲ್ಲಿ ಇಂದಿನ ದಿನಾಂಕ ಬರೆಯಿರಿ. ಎರಡನ್ನೂ ‘ನಂಬರ್’ ಫಾರ್ಮ್ಯಾಟ್‌ಗೆ ಬದಲಿಸಿ, ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ನೀವು ಹುಟ್ಟಿ ಎಷ್ಟು ದಿನವಾಯಿತು? ನಿಮ್ಮ ಗೆಳೆಯರ ಉತ್ತರದೊಂದಿಗೆ ಹೋಲಿಸಿ. ತರಗತಿಯಲ್ಲಿ ಎಲ್ಲರಿಗಿಂತ ದೊಡ್ಡವರು ಯಾರೆಂದು ಪತ್ತೆಹಚ್ಚಿ!