ಮಂಕಾದ ಕಾರಿಗೆ ಮನೆಯಲ್ಲೇ ಮೆರುಗು

ಮನೆ ಮುಂದೆ ನಿಂತಿರುವ ನಿಮ್ಮ ಕಾರನ್ನೊಮ್ಮೆ ಸರಿಯಾಗಿ ನೋಡಿ. ಷೋರೂಮಿನಿಂದ ಬಂದ ಹೊಸತರಲ್ಲಿ ಅದರ ಬಾಗಿಲಲ್ಲೇ ಮುಖ ನೋಡಿಕೊಂಡು ಹಣೆಬೊಟ್ಟು ಸರಿ ಮಾಡ್ಕೋಬಹುದಿತ್ತು. ಎಂಟು-ಹತ್ತು ವರ್ಷ ಕಳೆದ ಮೇಲೆ? ಕೆಂಪು ಬಣ್ಣ ತಿಳಿಗುಲಾಬಿಗೆ ತಿರುಗಿದೆ, ಕಪ್ಪಿನ ಮೇಲೆ ಬೂದಿ ಬಳಿದಂತಾಗಿದೆ. ಎಷ್ಟು ತೊಳೆದರೂ ಅಷ್ಟೇ. 'ಪೇಂಟ್ ಹೊಡೆಸಿಬಿಡೋಣ' ಅಂತಾರೆ ಯಜಮಾನರು. 'ಮಾರಿಬಿಡೋಣಮ್ಮಾ' ಅಂತಾನೆ ಮಗ.

ಸ್ವಲ್ಪ ತಾಳಿ! ಇಡೀ ಕಾರಿಗೆ ಬಣ್ಣ ಹೊಡೆಸಲು ಹತ್ತಾರು ಸಾವಿರ ರೂಪಾಯಿ ಬೇಕು. ಅಷ್ಟು ಸುರಿದು ಹೊಡೆಸಿದರೂ, ನಾಳೆ ಮಾರಲು ಹೋದಾಗ 'ಆಕ್ಸಿಡೆಂಟ್ ಆಗಿತ್ತಾ?' ಎಂಬ ಪ್ರಶ್ನೆ ತಪ್ಪದು. ಕಂಪನಿಯ ಮೂಲ ಬಣ್ಣಕ್ಕೇ ಬೆಲೆ ಜಾಸ್ತಿ. ಬಣ್ಣ ಬರೀ ಮಂಕಾಗಿದ್ದರೆ ಒಂದು ಭಾನುವಾರದ ಶ್ರಮದಲ್ಲಿ ನೀವೇ ಅದರ ಕಳೆ ಮರಳಿ ತರಬಹುದು.

ಮೆರುಗು ಹೋಗಿದ್ದೆಲ್ಲಿ?

ಕಾರಿನ ಬಣ್ಣದ ಪದರಗಳೆಲ್ಲ ಸೇರಿದರೂ ದಪ್ಪ ಸುಮಾರು 100 ಮೈಕ್ರಾನ್. ಅಂದರೆ ಝೆರಾಕ್ಸ್ ಹಾಳೆಯೊಂದರ ದಪ್ಪ, ಅಷ್ಟೇ! ಈಗಿನ ಹೆಚ್ಚಿನ ಕಾರುಗಳಲ್ಲಿ ಬಣ್ಣದ ಮೇಲೆ 'ಕ್ಲಿಯರ್ ಕೋಟ್' ಎಂಬ ಪಾರದರ್ಶಕ ಪದರ ಇರುತ್ತದೆ. ಬಿಸಿಲಿನ ಅತಿನೇರಳೆ ಕಿರಣ, ಹಕ್ಕಿ ಹಿಕ್ಕೆಯ ಆಮ್ಲ, ಬೋರ್‌ವೆಲ್ ನೀರಿನ ಸುಣ್ಣ ಎಲ್ಲವನ್ನೂ ತಡೆದುಕೊಳ್ಳುವುದು ಇದೇ. ವರ್ಷಗಟ್ಟಲೆ ಧೂಳಿನ ಬಟ್ಟೆಯಲ್ಲಿ ಉಜ್ಜಿಸಿಕೊಂಡು ಇದರ ಮೇಲೆ ಸಾವಿರಾರು ಸಣ್ಣ ಗೀರುಗಳಾಗುತ್ತವೆ. ಬೆಳಕು ಚೆದುರುತ್ತದೆ, ಕಣ್ಣಿಗೆ ಮಂಕಾಗಿ ಕಾಣುತ್ತದೆ.

ಹಾಗಾದರೆ ಪಾಲಿಶ್ ಎಂದರೇನು? ಮೇಲಿನಿಂದ ಹೊಳಪು ಬಳಿಯುವುದಲ್ಲ. ಹಾಳಾದ ಮೇಲ್ಪದರವನ್ನು ಕೂದಲೆಳೆಯಷ್ಟೂ ಅಲ್ಲದ ದಪ್ಪಕ್ಕೆ ಸವೆಸಿ, ಕೆಳಗಿರುವ ನುಣುಪನ್ನು ಹೊರಗೆ ತರುವುದು. ಹಿತ್ತಾಳೆ ದೀಪವನ್ನು ಹುಣಸೆಹಣ್ಣು ಹಾಕಿ ಹಬ್ಬಹಬ್ಬಕ್ಕೂ ತಿಕ್ಕಬಹುದು, ಒಳಗೆಲ್ಲ ಹಿತ್ತಾಳೆಯೇ. ಕಾರು ಹಾಗಲ್ಲ, ಒಂದು ಗ್ರಾಂ ಚಿನ್ನದ ಬಳೆಯ ಹಾಗೆ. ಜಾಸ್ತಿ ಉಜ್ಜಿದರೆ ಲೇಪ ಹೋಯಿತು, ಮತ್ತೆ ಬರಲ್ಲ. ಆದ್ದರಿಂದ ಎಷ್ಟು ಬೇಕೋ ಅಷ್ಟೇ ಉಜ್ಜಿ.

ಮೊದಲು ಪರೀಕ್ಷೆ

* ಬಿಳಿ ಬಟ್ಟೆಗೆ ಚೂರು ಪಾಲಿಶ್ ಹಚ್ಚಿ, ಬಾಗಿಲಿನ ಕೆಳಮೂಲೆಯಲ್ಲಿ ಉಜ್ಜಿ ನೋಡಿ. ಕಾರಿನ ಬಣ್ಣ ಬಟ್ಟೆಗೆ ಹತ್ತಿದರೆ ಅದಕ್ಕೆ ಕ್ಲಿಯರ್ ಕೋಟ್ ಇಲ್ಲ ಎಂದರ್ಥ. ಹಳೆಯ ಕಾರುಗಳಲ್ಲಿ ಇದು ಸಾಮಾನ್ಯ. ಗಾಬರಿ ಬೇಡ, ಕೈ ಹಗುರವಾಗಿರಲಿ.

* ಗೀರಿನ ಮೇಲೆ ಉಗುರು ಆಡಿಸಿ. ಉಗುರು ಸಿಕ್ಕಿಕೊಂಡರೆ ಗೀರು ಆಳದ್ದು, ಪಾಲಿಶ್‌ಗೆ ಹೋಗದು. ಸುಮ್ಮನೆ ಬಿಟ್ಟುಬಿಡಿ.

* ಬಾನೆಟ್ ಅಥವಾ ರೂಫ್ ಮೇಲೆ ಸಿಪ್ಪೆ ಸುಲಿದಂತೆ ಬಿಳಿ ತೇಪೆಗಳಿವೆಯೇ? ಅಲ್ಲಿ ಕ್ಲಿಯರ್ ಕೋಟೇ ಎದ್ದುಹೋಗಿದೆ. ಯಾವ ಪಾಲಿಶ್‌ನಿಂದಲೂ ಸರಿಹೋಗದು. ಆ ಭಾಗವನ್ನಷ್ಟೇ ಪೇಂಟ್ ಮಾಡಿಸಿ.

ಏನೇನು ಬೇಕು?

ಎರಡು ಬಕೆಟ್, ಕಾರ್ ಶಾಂಪೂ, ಐದಾರು ಮೈಕ್ರೋಫೈಬರ್ ಬಟ್ಟೆ, ಕ್ಲೇ ಬಾರ್, ರಬ್ಬಿಂಗ್ ಕಾಂಪೌಂಡ್, ಪಾಲಿಶ್, ವ್ಯಾಕ್ಸ್, ಎರಡು-ಮೂರು ಸ್ಪಾಂಜ್ ಪ್ಯಾಡ್, ಪೇಂಟರ್‌ಗಳು ಬಳಸುವ ಕಾಗದದ ಟೇಪ್. ಕಾರಿನ ಆಕ್ಸೆಸರಿ ಅಂಗಡಿಯಲ್ಲಿ ಎಲ್ಲವೂ ಸಿಗುತ್ತವೆ.

ಹೀಗೆ ಮಾಡಿ

1. ತೊಳೆಯಿರಿ: ಕಾರು ನೆರಳಲ್ಲಿರಲಿ. ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ, ತಣ್ಣಗಿದ್ದರೆ ಮಾತ್ರ ಶುರುಮಾಡಿ. ಒಂದು ಬಕೆಟ್‌ನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಬಟ್ಟೆಯನ್ನು ಪ್ರತಿಸಲ ಬರೀ ನೀರಿನಲ್ಲಿ ಜಾಲಿಸಿ, ಆಮೇಲೆ ಶಾಂಪೂಗೆ ಅದ್ದಿ. ಮೇಲಿನಿಂದ ಕೆಳಕ್ಕೆ ಬನ್ನಿ. ಚಕ್ರಗಳಿಗೆ ಬೇರೆ ಬಟ್ಟೆ. ನೀರು ತಾನಾಗಿ ಒಣಗುವ ಮುಂಚೆ ಒತ್ತಿ ಒರೆಸಿ, ಇಲ್ಲದಿದ್ದರೆ ಸುಣ್ಣದ ಕಲೆ ಉಳಿಯುತ್ತದೆ.

2. ಅಂಟು ಕೊಳೆ ತೆಗೆಯಿರಿ: ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾನೆಟ್ ಸವರಿ. ರವೆಯ ಮೇಲೆ ಕೈಯಾಡಿಸಿದಂತೆ ತರಿತರಿ ಅನ್ನಿಸುತ್ತಾ? ಅದು ಮರದ ಅಂಟು, ಡಾಂಬರು, ಕಬ್ಬಿಣದ ಧೂಳು. ಕ್ಲೇ ಬಾರನ್ನು ಚಪಾತಿ ಹಿಟ್ಟಿನಂತೆ ನಾದಿ ಚಪ್ಪಟೆ ಮಾಡಿ, ಶಾಂಪೂ ನೀರು ಚಿಮುಕಿಸಿದ ಜಾಗದಲ್ಲಿ ಒತ್ತದೆ ಜಾರಿಸಿ. ಕೊಳೆಯಾದ ಮುಖವನ್ನು ಒಳಕ್ಕೆ ಮಡಚುತ್ತಿರಿ. ನೆಲಕ್ಕೆ ಬಿದ್ದರೆ ಆಸೆಪಡದೆ ಎಸೆದುಬಿಡಿ. ಅದಕ್ಕೆ ಅಂಟಿದ ಒಂದೇ ಒಂದು ಮರಳಿನ ಕಣ ಕಾರಿಗೆ ಗೀರು ಹಾಕಬಲ್ಲದು.

3. ಕಾಂಪೌಂಡ್: ಕಪ್ಪು ಪ್ಲಾಸ್ಟಿಕ್, ರಬ್ಬರ್ ಬೀಡಿಂಗ್ ಮತ್ತು ಅಂಚುಗಳಿಗೆ ಟೇಪ್ ಹಚ್ಚಿ. ಅಂಚಿನಲ್ಲಿ ಬಣ್ಣ ತುಂಬಾ ತೆಳು, ಪ್ಲಾಸ್ಟಿಕ್‌ಗೆ ಕಾಂಪೌಂಡ್ ತಾಗಿದರೆ ಬಿಳಿ ಕಲೆ. ಪ್ಯಾಡ್‌ಗೆ ಒಂದು ರೂಪಾಯಿ ನಾಣ್ಯದಷ್ಟು ಹಾಕಿ, ಎರಡಡಿ ಉದ್ದಗಲದ ಜಾಗವನ್ನು ಮಾತ್ರ ಉಜ್ಜಿ, ಒರೆಸಿ, ನೋಡಿ. ಮಂಕು ಹೋಯಿತಾ? ನಿಲ್ಲಿಸಿ! ಕ್ಲಿಯರ್ ಕೋಟ್ ಇರುವ ಕಾರಿನಲ್ಲಿ ಬಟ್ಟೆಗೆ ಬಣ್ಣ ಬರತೊಡಗಿದರಂತೂ ಆ ಕ್ಷಣವೇ ನಿಲ್ಲಿಸಿ. ಬೇಗ ಆಗಲೆಂದು ಡ್ರಿಲ್ಲಿಂಗ್ ಮೆಷಿನ್‌ಗೆ ಪ್ಯಾಡ್ ಸಿಕ್ಕಿಸುವ ಸಾಹಸ ಬೇಡ. ಕೈಯಿಂದ ಮಾಡಿದರೆ ರಟ್ಟೆ ನೋಯಬಹುದು, ಬಣ್ಣ ಉಳಿಯುತ್ತದೆ.

4. ಪಾಲಿಶ್: ಕಾಂಪೌಂಡ್ ಬಿಟ್ಟ ಸಣ್ಣ ಗೀರುಗಳನ್ನು ಇದು ಅಳಿಸುತ್ತದೆ. ಹೊಸ ಪ್ಯಾಡ್, ಇನ್ನೂ ಹಗುರ ಕೈ. ಕಾರು ಸ್ವಲ್ಪವೇ ಮಂಕಾಗಿದ್ದರೆ ಕಾಂಪೌಂಡ್ ಬಿಟ್ಟು ನೇರವಾಗಿ ಪಾಲಿಶ್‌ನಿಂದಲೇ ಶುರುಮಾಡಿ.

5. ವ್ಯಾಕ್ಸ್: ಹೆಚ್ಚಿನವರು ಪಾಲಿಶ್ ಆದಮೇಲೆ ಕೈತೊಳೆದುಕೊಳ್ಳುತ್ತಾರೆ. ಆದರೆ ಬಂದ ಮೆರುಗು ನಿಲ್ಲಬೇಕಾದರೆ ವ್ಯಾಕ್ಸ್ ಬೇಕೇ ಬೇಕು. ತೆಳ್ಳಗೆ ಹಚ್ಚಿ, ಮಂಜು ಕವಿದಂತೆ ಒಣಗಿದ ಮೇಲೆ ಒರೆಸಿ. ಕೆಸುವಿನ ಎಲೆಯ ಮೇಲಿನಂತೆ ನೀರು ಮುತ್ತುಮುತ್ತಾಗಿ ನಿಂತರೆ ವ್ಯಾಕ್ಸ್ ಇದೆ ಎಂದರ್ಥ. ನೀರು ಹರಡಿಕೊಳ್ಳತೊಡಗಿದರೆ ಮತ್ತೆ ಹಚ್ಚಿ. ಬಿಸಿಲಲ್ಲಿ ನಿಲ್ಲುವ ಕಾರಿಗೆ ಎರಡು-ಮೂರು ತಿಂಗಳಿಗೊಮ್ಮೆ ಬೇಕಾಗುತ್ತದೆ. ವ್ಯಾಕ್ಸ್ ಎಷ್ಟು ಸಲ ಹಚ್ಚಿದರೂ ಬಣ್ಣ ಸವೆಯದು. ಕಾಂಪೌಂಡ್ ಮಾತ್ರ ಪದೇಪದೇ ಬೇಡ.

ದಿನಾ ಒರೆಸೋದು ಒಳ್ಳೆಯದಾ?

ಅಪಾರ್ಟ್‌ಮೆಂಟ್‌ಗಳಲ್ಲಿ ಬೆಳಗ್ಗೆ ಒಂದೇ ಬಕೆಟ್ ನೀರು, ಒಂದೇ ಬಟ್ಟೆಯಲ್ಲಿ ಹತ್ತಾರು ಕಾರು ಒರೆಸುವುದನ್ನು ನೋಡಿದ್ದೀರಲ್ಲ? ನಾಲ್ಕನೇ ಕಾರಿನ ಹೊತ್ತಿಗೆ ಆ ಬಟ್ಟೆ ಉಪ್ಪುಕಾಗದವೇ ಆಗಿರುತ್ತದೆ. ಒರೆಸುವವರನ್ನು ಬೈದು ಪ್ರಯೋಜನವಿಲ್ಲ. ನಿಮ್ಮ ಕಾರಿಗೆಂದೇ ಎರಡು ಒಳ್ಳೆಯ ಬಟ್ಟೆ ಕೊಡಿ, ವಾರಕ್ಕೊಮ್ಮೆ ನೀವೇ ಒಗೆಯಿರಿ. ಒಣಬಟ್ಟೆಯಲ್ಲಿ ಧೂಳು ತಿಕ್ಕಬೇಡಿ ಎಂದು ಹೇಳಿ. ದಿನವೂ ಒರೆಸುವ ಬದಲು ವಾರಕ್ಕೊಮ್ಮೆ ಸರಿಯಾಗಿ ತೊಳೆದರೆ ಸಾಕು.

ನೀರಿನ ವಿಷಯದಲ್ಲೂ ಎಚ್ಚರ. 2024ರ ಮಾರ್ಚ್‌ನಲ್ಲಿ ನೀರಿನ ಅಭಾವದ ನಡುವೆ ಬೆಂಗಳೂರು ಜಲಮಂಡಳಿ, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಆದೇಶಿಸಿತ್ತು. ಪೈಪ್ ಬಿಡುವ ಬದಲು ಬಕೆಟ್‌ನಲ್ಲೇ ತೊಳೆಯಿರಿ. ಹಿಡಿದಿಟ್ಟ ಮಳೆನೀರು ಎಲ್ಲಕ್ಕಿಂತ ಉತ್ತಮ, ಕಲೆಯೇ ಬೀಳದು. ಆರ್‌ಓ ಫಿಲ್ಟರ್ ಹೊರಬಿಡುವ ನೀರಿನಲ್ಲಿ ಲವಣ ಜಾಸ್ತಿ. ಚಕ್ರ ತೊಳೆಯಲು ಅದು ಸಾಕು, ಬಾನೆಟ್‌ಗೆ ಬೇಡ.

ಇವು ಬೇಡವೇ ಬೇಡ

* ಪಾತ್ರೆ ತೊಳೆಯುವ ಲಿಕ್ವಿಡ್, ಬಟ್ಟೆ ಸೋಪಿನ ಪುಡಿ: ಇರುವ ವ್ಯಾಕ್ಸನ್ನೂ ಕಿತ್ತು ತೆಗೆಯುತ್ತವೆ.

* ತೆಂಗಿನೆಣ್ಣೆ, ಸೀಮೆಎಣ್ಣೆ: ಒಂದು ದಿನದ ಹೊಳಪು, ಮರುದಿನದಿಂದ ಧೂಳಿಗೆ ಆಹ್ವಾನ.

* ಸ್ಟೀಲ್ ಜುಂಗು, ಸ್ಕ್ರಬರ್: ಕಾರಿನ ಹತ್ತಿರವೂ ಸುಳಿಯಬಾರದು.

* ಹಕ್ಕಿ ಹಿಕ್ಕೆಯನ್ನು ಕೆರೆದು ತೆಗೆಯುವುದು: ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಮೇಲಿಟ್ಟು, ನೆನೆದ ಮೇಲೆ ಎತ್ತಿಕೊಳ್ಳಿ.

* ಮೈಕ್ರೋಫೈಬರ್ ಬಟ್ಟೆಗೆ ಫ್ಯಾಬ್ರಿಕ್ ಕಂಡೀಷನರ್: ಅದರ ಎಳೆಗಳು ಮುಚ್ಚಿಕೊಂಡು ನೀರು ಹೀರದು.

ಇನ್ನು ಆಯುಧಪೂಜೆ. ಪೂಜೆ ಬೇಡ ಅನ್ನುತ್ತಿಲ್ಲ! ಆದರೆ ಅರಿಶಿನ-ಕುಂಕುಮ, ಗಂಧ ಹಚ್ಚಿದ್ದನ್ನು ವಾರಗಟ್ಟಲೆ ಹಾಗೇ ಬಿಟ್ಟರೆ ಬಿಳಿ ಕಾರಿನ ಮೇಲೆ ಕಲೆ ಉಳಿದುಬಿಡುತ್ತದೆ. ಮಾರನೇ ದಿನವೇ ನೀರು ಹಾಕಿ ತೊಳೆಯಿರಿ. ಹೂವಿನ ಹಾರವನ್ನು ತಂತಿಯಿಂದ ಕಟ್ಟದೆ ನೂಲಿನಿಂದ ಕಟ್ಟಿ. ಹಬ್ಬಕ್ಕೆ ಒಂದು ವಾರ ಮುಂಚೆ ಕಾರಿಗೆ ವ್ಯಾಕ್ಸ್ ಹಾಕಿಟ್ಟರೆ ಕಲೆಯ ಚಿಂತೆಯೂ ಅರ್ಧ ಕಡಿಮೆ.