ಮುಚ್ಚಿದ ಮೈದಾನ ಯಾರದು?

ಗಾಲ್ಫ್ ಆಟವನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ವಿರಳ. ಸಿರುಗುಪ್ಪ ಸೀಮೆಯ ಭತ್ತದ ಗದ್ದೆಗಳ ನಡುವೆ, ದೇಶನೂರಿನಲ್ಲಿ ಬೆಳೆದ ನಾನಂತೂ ಅದನ್ನು ಚಿತ್ರಗಳಲ್ಲಿ ಮಾತ್ರ ನೋಡಿದ್ದೇನೆ. ಹದಿನೆಂಟು ಕುಳಿಗಳ ಪೂರ್ಣ ಮೈದಾನಕ್ಕೆ ಸಾಮಾನ್ಯವಾಗಿ ನೂರು ಎಕರೆಗೂ ಮಿಕ್ಕ ನೆಲ ಬೇಕು. ಅಂಥ ಮೈದಾನ ಮುಚ್ಚಿಹೋದರೆ ಆ ನೆಲದ ಗತಿಯೇನು? ಪ್ರಶ್ನೆ ದೂರದ ದೇಶದ್ದೆಂದು ತೋರಿದರೂ ಅದು ನಮ್ಮ ಹಳ್ಳಿಯ ಗೋಮಾಳದವರೆಗೂ ಬರುತ್ತದೆಂಬುದೇ ನನ್ನ ಅಭಿಪ್ರಾಯ.

ಅಮೆರಿಕದಲ್ಲಿ 2006ರ ತರುವಾಯ ಹಲವು ವರ್ಷ, ಹೊಸದಾಗಿ ತೆರೆದ ಗಾಲ್ಫ್ ಮೈದಾನಗಳಿಗಿಂತ ಮುಚ್ಚಿದವೇ ಹೆಚ್ಚಾದವು. ಅವುಗಳಲ್ಲಿ ಅನೇಕವು ಮನೆಗಳ ನಡುವೆಯೇ ಇದ್ದವು. ಹಸಿರನ್ನು ಕಂಡು ಹೆಚ್ಚು ಬೆಲೆ ತೆತ್ತು ಮನೆ ಕೊಂಡವರು “ಬಯಲು ಬಯಲಾಗಿಯೇ ಇರಲಿ” ಎನ್ನುತ್ತಾರೆ. ಒಡೆಯನು “ನಷ್ಟದ ನೆಲವನ್ನು ಎಷ್ಟು ಕಾಲ ಕಾಯಲಿ?” ಎನ್ನುತ್ತಾನೆ. ಇಬ್ಬರ ಮಾತಿನಲ್ಲಿಯೂ ನ್ಯಾಯವಿದೆ. ಜಗಳ ಬಲಿಯುವುದು ಆದುದರಿಂದಲೇ.

ಡೆನ್ವರ್ ನಗರದ ಪಾರ್ಕ್ ಹಿಲ್ ಮೈದಾನವನ್ನೇ ನೋಡೋಣ. ಅದರ ವಿಸ್ತಾರ 155 ಎಕರೆ. ಅಲ್ಲಿ ಕಟ್ಟಡವೇಳದಂತೆ ನಗರಸಭೆಯು 1997ರಲ್ಲಿ 20 ಲಕ್ಷ ಡಾಲರು ತೆತ್ತು ನಿರ್ಬಂಧವೊಂದನ್ನು ಪಡೆದಿತ್ತು. 2018ರಲ್ಲಿ ಆಟ ನಿಂತಿತು. ಮರುವರ್ಷ ಕಟ್ಟಡ ವ್ಯವಹಾರದ ಸಂಸ್ಥೆಯೊಂದು ನೆಲವನ್ನು 2 ಕೋಟಿ 40 ಲಕ್ಷ ಡಾಲರಿಗೆ ಕೊಂಡಿತು. ಮನೆಗಳು, ಅಂಗಡಿ, ದೊಡ್ಡ ಉದ್ಯಾನ ಎಲ್ಲವನ್ನೂ ಮಾಡಿಕೊಡುವೆವೆಂದು ಅದು ಹೇಳಿತು. ನೆರೆಹೊರೆ ಎರಡು ಪಾಲಾಯಿತು. ಬಾಡಿಗೆಯ ಭಾರದಲ್ಲಿ ಬಳಲುವವರಿಗೆ ಮನೆ ಬೇಕೆಂದು ಕೆಲವರು. ಹೊಸ ಕಟ್ಟಡಗಳಿಂದ ಬೆಲೆಯೇರಿ ಹಳೆಯ ಬಡ ನಿವಾಸಿಗಳೇ ಹೊರಬೀಳುವರೆಂದು ಕೆಲವರು. ನಿರ್ಬಂಧವನ್ನು ತೆಗೆಯುವ ಪ್ರಸ್ತಾಪವನ್ನು 2023ರ ಏಪ್ರಿಲಿನಲ್ಲಿ ಮತದಾರರು ಬಹುಮತದಿಂದ ತಳ್ಳಿಹಾಕಿದರು. ಕಡೆಗೆ 2025ರಲ್ಲಿ ನಗರಾಡಳಿತವು ಬೇರೆಡೆಯ ಭೂಮಿಯನ್ನು ಬದಲಿಗೆ ಕೊಟ್ಟು, ಈ ನೆಲವನ್ನು ಉದ್ಯಾನಕ್ಕಾಗಿ ಪಡೆಯುವ ಒಪ್ಪಂದಕ್ಕೆ ಬಂದಿತು.

ನಮ್ಮ ನಾಡಿನಲ್ಲಿಯೂ ಇಂಥದೇ ವ್ಯಾಜ್ಯ ನಡೆದಿದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ನಕ್ಷೆಯಲ್ಲಿ ಮೀಸಲಾದ ಜಾಗವನ್ನು ಖಾಸಗಿ ಆಸ್ಪತ್ರೆ ಕಟ್ಟಲು ಬೆಂಗಳೂರು ಮೆಡಿಕಲ್ ಟ್ರಸ್ಟಿಗೆ ಕೊಡಲಾಯಿತು. ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಹಂಚಿಕೆ ಸಲ್ಲದೆಂದು ತೀರ್ಪಿತ್ತಿತು. ಆಸ್ಪತ್ರೆ ಒಳ್ಳೆಯದೇ, ಆದರೆ ಎಲ್ಲರಿಗೂ ಮೀಸಲಾದುದನ್ನು ಒಬ್ಬರಿಗೆ ಕೊಡಲಾಗದು. ಅದನ್ನು ಪ್ರಶ್ನಿಸುವ ಹಕ್ಕು ನೆರೆಯವರಿಗೂ ಉಂಟೆಂದು ಅಲ್ಲಿ ಸ್ಥಿರವಾಯಿತು.

ಈ ಎರಡು ವ್ಯಾಜ್ಯಗಳಲ್ಲಿಯೂ ಬಯಲನ್ನು ಉಳಿಸಿದುದು ಬರಿಯ ಆವೇಶವಲ್ಲ. ಮೊದಲೇ ಬರೆದಿಟ್ಟ ಕಾಗದ. ಅಲ್ಲಿ ನಿರ್ಬಂಧಪತ್ರ, ಇಲ್ಲಿ ಬಡಾವಣೆಯ ನಕ್ಷೆ. ಆದರೆ ಕಾಗದವು ಎಲ್ಲ ಪ್ರಶ್ನೆಗಳಿಗೂ ಉತ್ತರವಲ್ಲ. ಒಡೆಯನಿಗೆ ವಕೀಲನುಂಟು, ನೆರೆಯವನಿಗೆ ಸಂಘವುಂಟು. ಇನ್ನೂ ಮನೆಯೇ ಇಲ್ಲದವನ ಪರವಾಗಿ ಸಭೆಯಲ್ಲಿ ಮಾತನಾಡುವವರಾರು? ಬಯಲನ್ನು ಉಳಿಸುವವರು ಈ ಮಾತಿಗೂ ಉತ್ತರ ಕೊಡಬೇಕಾಗುತ್ತದೆ. ಡೆನ್ವರಿನ ಬದಲಿ ಭೂಮಿಯ ಉಪಾಯ ನನಗೆ ಹಿಡಿಸಿದುದು ಅದಕ್ಕಾಗಿ: ಒಬ್ಬರನ್ನು ಗೆಲ್ಲಿಸಲು ಇನ್ನೊಬ್ಬರನ್ನು ಪೂರಾ ಸೋಲಿಸಲಿಲ್ಲ.

ಇನ್ನು ನಮ್ಮ ಹಳ್ಳಿಗಳ ಮಾತು. 1966ರ ಭೂಕಂದಾಯ ನಿಯಮಗಳು ನೂರು ದನಗಳಿಗೆ 12 ಹೆಕ್ಟೇರಿನಂತೆ ಗೋಮಾಳ ಮೀಸಲಿಡಬೇಕೆಂದು ವಿಧಿಸಿದವು. ಟ್ರ್ಯಾಕ್ಟರು ಬಂದು ಎತ್ತುಗಳು ಕಡಿಮೆಯಾದಂತೆ ಗೋಮಾಳವು “ಖಾಲಿ ಜಾಗ”ವಾಗಿ ಕಾಣತೊಡಗುತ್ತದೆ. ಆಟಗಾರರಿಲ್ಲದ ಗಾಲ್ಫ್ ಮೈದಾನದ ಪಾಡೂ ಅದೇ ಅಲ್ಲವೆ? ಶಾಲೆಗೆ ಬೇಕು, ನಿವೇಶನಕ್ಕೆ ಬೇಕು, ಕುರಿ ಮೇಯಿಸುವವನಿಗೂ ಬೇಕು. ಯಾರ ಬೇಡಿಕೆಯೂ ಸುಳ್ಳಲ್ಲ. ಆದುದರಿಂದ ವಿದ್ಯಾವಂತರಾದ ನಾವು ರಜೆಯಲ್ಲಿ ಊರಿಗೆ ಹೋದಾಗ ಗ್ರಾಮದ ನಕ್ಷೆಯನ್ನೂ ಪಹಣಿಯನ್ನೂ ಒಮ್ಮೆ ಓದಿಕೊಳ್ಳುವುದು ಒಳ್ಳೆಯದು. ಓದುಬಾರದ ಹಿರಿಯರಿಗೂ ಅದನ್ನು ತಿಳಿಸಿ ಹೇಳೋಣ. ಬಯಲಿನ ವಿಚಾರ ಗ್ರಾಮಸಭೆಗೆ ಬಂದ ದಿನ, ಕುರಿ ಮೇಯಿಸುವವನೂ ತಿಳಿದು ಮಾತನಾಡುವಂತಾಗಬೇಕು.